ಗೋಡೆಗೂ ಒಂದು ಕೂಲಿ ಕೊಡಿ

ಅಡುಗೆಮನೆಗೆ ಟೈಲ್ಸ್ ಹಾಕಿಸೋ ವಿಷಯ ಬಂದಾಗ ನಮ್ಮ ಮನೆಗಳಲ್ಲಿ ಏನೇನು ಚರ್ಚೆ ಆಗುತ್ತೆ ಗಮನಿಸಿದ್ದೀರಾ? ಬಣ್ಣ ಯಾವುದು, ಹೊಳಪಿರೋದೋ ಮ್ಯಾಟೋ, ಮಧ್ಯದಲ್ಲಿ ಹಣ್ಣಿನ ಬುಟ್ಟಿ ಚಿತ್ರದ್ದು ಒಂದು ಸಾಲು ಬೇಕೋ ಬೇಡವೋ... ಮನೆಮಂದಿಯೆಲ್ಲ ಅಂಗಡಿಯಿಂದ ಅಂಗಡಿಗೆ ಅಲೆದು ಮೂರು ಭಾನುವಾರ ಕಳೀತಾರೆ. ಆದರೆ ಆ ಟೈಲ್ಸ್ ಹೋಗಿ ಕೂರಬೇಕಾದ ಗೋಡೆ ಬಗ್ಗೆ ಮೂರು ನಿಮಿಷ ಕೂಡ ಯಾರೂ ಮಾತಾಡಲ್ಲ.

ಅಪ್ಪಿತಪ್ಪಿ ಯಾರಾದ್ರೂ "ಗೋಡೆ ಸ್ವಲ್ಪ ಅಂಕುಡೊಂಕಾಗಿದೆಯಲ್ಲ?" ಅಂದ್ರೆ ಸಿದ್ಧ ಉತ್ತರ ಇದ್ದೇ ಇದೆ. "ಟೈಲ್ಸ್ ಹಾಕಿದ್ಮೇಲೆ ಎಲ್ಲಾ ಮುಚ್ಚಿಹೋಗುತ್ತೆ ಬಿಡ್ರೀ."

ನನ್ನ ತಕರಾರಿರೋದು ಈ ಒಂದು ಮಾತಿನ ಮೇಲೆ. ಟೈಲ್ಸ್ ಯಾವುದನ್ನೂ ಮುಚ್ಚಲ್ಲ. ಸುಣ್ಣ ಬಳಿದ ಗೋಡೆ ಅರ್ಧ ಇಂಚು ಉಬ್ಬಿದ್ರೆ ಯಾರ ಕಣ್ಣಿಗೂ ಬೀಳಲ್ಲ. ಅದೇ ಗೋಡೆ ಮೇಲೆ ಹೊಳೆಯೋ ಚೌಕಗಳನ್ನ ಸಾಲಾಗಿ ಜೋಡಿಸಿ, ಸಂಜೆ ಟ್ಯೂಬ್‌ಲೈಟ್ ಹಾಕಿ ನೋಡಿ. ಒಂದೊಂದು ಅಂಚೂ ನೆರಳು ಬೀಳಿಸಿ "ಇಲ್ಲಿ ಡೊಂಕು, ಇಲ್ಲಿ ಡೊಂಕು" ಅಂತ ಸಾರುತ್ತೆ. ಇದು ಬರೀ ಅಂದದ ಪ್ರಶ್ನೆ ಆಗಿದ್ರೆ ನಾನು ಇಷ್ಟು ಬರೀತಿರಲಿಲ್ಲ. ಒಲೆ ಹಿಂದಿನ ಗೋಡೆ ಅಂದ್ರೆ ಬಿಸಿ, ಹಬೆ, ಎಣ್ಣೆ ಎಲ್ಲ ದಿನಾ ಬಡಿಯೋ ಜಾಗ. ಅಲ್ಲಿ ಸರಿಯಾಗಿ ಅಂಟದ ಟೈಲ್ಸ್ ಒಂದು ದಿನ ಕಳಚಿ ಬೀಳೋದು ಕಾದ ಎಣ್ಣೆ ಬಾಣಲೆ ಮೇಲೆ. ಆಗ ಎದುರಿಗೆ ನಿಂತಿರೋದು ಟೈಲ್ಸ್ ಆರಿಸಿದವರಲ್ಲ, ಪೂರಿ ಕರೀತಿರೋ ಅಮ್ಮನೋ ಹೆಂಡತಿಯೋ.

ಟೈಲ್ಸ್ ಬೆಳೀತು, ಗೋಡೆ ಹಾಗೇ ಉಳೀತು

ಮೊದಲು ನಮ್ಮ ಅಡುಗೆಮನೆಗಳಿಗೆ ಬರ್ತಿದ್ದದ್ದು ಆರಿಂಚು ಚೌಕದ ಬಿಳಿ ಟೈಲ್ಸ್. ಆಮೇಲೆ 8x12 ಇಂಚು, 12x18 ಇಂಚು ಬಂತು. ಈಗ ಅಂಗಡಿಗೆ ಹೋದ್ರೆ 1x2 ಅಡಿ ಅನ್ನೋದು ಸಾಮಾನ್ಯ, 2x4 ಅಡಿಯದೂ ಗೋಡೆಗೆ ಹೋಗ್ತಿದೆ. ಗುಜರಾತಿನ ಮೋರ್ಬಿಯಲ್ಲಿ ದೇಶದ ಬಹುಪಾಲು ಟೈಲ್ಸ್ ತಯಾರಾಗುತ್ತೆ. ಅಲ್ಲಿಂದ ಲಾರಿ ತುಂಬ ಬರೋದು ಈಗ ಈ ದೊಡ್ಡವೇ.

ಇದರಲ್ಲೊಂದು ಸಣ್ಣ ಲೆಕ್ಕ ಇದೆ, ಕೇಳಿ. ಎಂಟು ಅಡಿ ಉದ್ದದ ಗೋಡೆ ಬಿಲ್ಲಿನ ಹಾಗೆ ಮಧ್ಯದಲ್ಲಿ 12 ಮಿ.ಮೀ. ಅಂದ್ರೆ ಸುಮಾರು ಅರ್ಧ ಇಂಚು ಒಳಗೆ ಹೋಗಿದೆ ಅಂದ್ಕೊಳ್ಳಿ. ಅದರ ಮೇಲೆ ಒಂದಡಿ ಉದ್ದದ ಟೈಲ್ಸ್ ಇಟ್ರೆ ಅದರ ನಡು ಭಾಗದ ಹಿಂದೆ ಉಳಿಯೋ ಸಂದು 0.2 ಮಿ.ಮೀ. ಮಾತ್ರ. ಎರಡಡಿ ಟೈಲ್ಸ್ ಆದ್ರೆ 0.75 ಮಿ.ಮೀ. ನಾಲ್ಕಡಿ ಆದ್ರೆ 3 ಮಿ.ಮೀ. ಉದ್ದ ಎರಡರಷ್ಟಾದ್ರೆ ಸಂದು ನಾಲ್ಕರಷ್ಟಾಗುತ್ತೆ! ಚಿಕ್ಕ ಟೈಲ್ಸ್ ಡೊಂಕು ಗೋಡೆ ಜೊತೆ ಹೊಂದಿಕೊಂಡು ಹೋಗ್ತಿತ್ತು. ದೊಡ್ಡದು ಹೊಂದಿಕೊಳ್ಳಲ್ಲ, ಅದು ನೆಟ್ಟಗೆ ನಿಲ್ಲುತ್ತೆ, ಹಿಂದೆ ಟೊಳ್ಳು ಉಳಿಯುತ್ತೆ.

ತೂಕ ನೋಡಿ. 8x12 ಇಂಚಿನ ಟೈಲ್ಸ್ ಒಂದು ಕಿಲೋಗೂ ಕಡಿಮೆ. 2x4 ಅಡಿಯ ವಿಟ್ರಿಫೈಡ್ ಒಂದೇ ಹೆಚ್ಚುಕಡಿಮೆ 15 ಕಿಲೋ ತೂಗುತ್ತೆ.

ಇನ್ನೊಂದು ವ್ಯತ್ಯಾಸ ಹೀರುವಿಕೆಯದು. ಹಳೇ ಗೋಡೆ ಟೈಲ್ಸ್ ತನ್ನ ತೂಕದ ನೂರಕ್ಕೆ ಹತ್ತಕ್ಕಿಂತ ಹೆಚ್ಚು ನೀರು ಹೀರುತ್ತೆ. ಅದಕ್ಕೇ ಮೇಸ್ತ್ರಿಗಳು ಅದನ್ನ ಬಕೆಟ್ಟಿನಲ್ಲಿ ನೆನೆಸಿಟ್ಟು, ಬೆನ್ನಿಗೆ ಗಾರೆ ಮೆತ್ತಿ, ಗೋಡೆಗೆ ಒತ್ತಿ, ಕರಣೆ ಹಿಡಿಯಿಂದ ಟಕ್ ಟಕ್ ಅಂತ ತಟ್ಟಿ ಕೂರಿಸ್ತಿದ್ರು. ಸಿಮೆಂಟಿನ ಹಾಲು ಟೈಲ್ಸಿನ ಬೆನ್ನಿನ ರಂಧ್ರಕ್ಕೆ ಇಳಿದು ಕಚ್ಚಿಕೊಳ್ತಿತ್ತು. ಗೋಡೆ ಸ್ವಲ್ಪ ತಗ್ಗುದಿಣ್ಣೆ ಇದ್ರೂ ಆ ಗಾರೆಯಲ್ಲೇ ಸರಿಹೋಗ್ತಿತ್ತು. ಅದು ತಪ್ಪು ಪದ್ಧತಿ ಆಗಿರಲಿಲ್ಲ, ಆ ಟೈಲ್ಸಿಗೆ ತಕ್ಕ ಪದ್ಧತಿ. ವಿಟ್ರಿಫೈಡ್ ಟೈಲ್ಸ್ ನೂರಕ್ಕೆ ಅರ್ಧ ಭಾಗ ನೀರೂ ಹೀರಲ್ಲ. ಅದರ ಬೆನ್ನಿಗೆ ಬರೀ ಸಿಮೆಂಟ್ ಗಾರೆ ಮೆತ್ತಿದ್ರೆ ಕಚ್ಚಿಕೊಳ್ಳೋಕೆ ಜಾಗವೇ ಇಲ್ಲ.

ಅದಕ್ಕೇ ಅಡ್ಹೆಸಿವ್ ಬಂದಿದ್ದು. ಅದಕ್ಕೆ ನಮ್ಮ ದೇಶದ್ದೇ ಮಾನದಂಡ ಇದೆ, ಐಎಸ್ 15477 ಅಂತ. 2004ರಲ್ಲಿ ಮೊದಲು ಬಂತು, 2019ರಲ್ಲಿ ಪರಿಷ್ಕಾರ ಆಗಿ ಅಡ್ಹೆಸಿವ್‌ಗಳನ್ನ ಐದು ಬಗೆ ಅಂತ ವಿಂಗಡಿಸಿದ್ರು. ಆದರೆ ಅಡ್ಹೆಸಿವ್ ತೆಳ್ಳಗೆ ಹಚ್ಚೋ ವಸ್ತು. ಹಲ್ಲಿನ ಕರಣೆಯಲ್ಲಿ ಎಳೆದು, ಟೈಲ್ಸ್ ಒತ್ತಿದ ಮೇಲೆ ಕೆಲವೇ ಮಿ.ಮೀ. ಉಳಿಯಬೇಕು. ತಗ್ಗು ತುಂಬೋಕೆ ಅಂತ ಅದನ್ನೇ ದಪ್ಪ ಮೆತ್ತಿದ್ರೆ ಒಣಗುವಾಗ ಕುಗ್ಗಿ ಟೈಲ್ಸನ್ನ ಎಳೆಯುತ್ತೆ. ಬ್ರಿಟಿಷರ ಟೈಲ್ಸ್ ಕೆಲಸದ ಮಾನದಂಡ ಬಿಎಸ್ 5385ರಲ್ಲಿ ಒಂದು ಅಳತೆ ಇದೆ, ನನಗದು ಬಹಳ ಇಷ್ಟ. ಎರಡು ಮೀಟರಿನ ನೆಟ್ಟಗಿರೋ ಪಟ್ಟಿಯನ್ನ ಗೋಡೆಗೆ ಹಿಡಿದ್ರೆ ಹಿಂದೆ 3 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು. ಅಷ್ಟೇ. ಯಾರು ಬೇಕಾದ್ರೂ ನೋಡಬಹುದಾದ ಪರೀಕ್ಷೆ.

ಅಂದ್ರೆ ಹೊಸ ಟೈಲ್ಸ್, ಹೊಸ ಅಂಟು ಎರಡೂ ಮೊದಲಿಗಿಂತ ಹೆಚ್ಚು ಸಪಾಟಾದ ಗೋಡೆ ಕೇಳ್ತಿವೆ. ನಾವು ಮಾತ್ರ ಗೋಡೆಗೆ ಅಂತ ಒಂದು ದಿನವನ್ನೂ, ಒಂದು ರೂಪಾಯಿಯನ್ನೂ ಎತ್ತಿಟ್ಟಿಲ್ಲ.

ಬೈಸಿಕೊಂಡವನು ಯಾರು?

ಮೈಸೂರಿನಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ, 1980ರ ದಶಕದ ಇಟ್ಟಿಗೆ ಮನೆ. ಅಡುಗೆಮನೆ ರಿಪೇರಿಗೆ ಬಂದ ಮೇಸ್ತ್ರಿ ಒಲೆ ಹಿಂದಿನ ಗೋಡೆ ಮೇಲೆ ಕೈ ಆಡಿಸಿ, ಎರಡು ಕಡೆ ತಟ್ಟಿ ನೋಡಿ ಹೇಳಿದ್ರು, "ಅಮ್ಮಾ, ಗೋಡೆ ಹೊಟ್ಟೆ ಬಿಟ್ಟಿದೆ. ಹಳೇ ಗಾರೆ ಟೊಳ್ಳಾಗಿದೆ. ಕೆತ್ತಿ ಹಾಕಿ ಹೊಸದಾಗಿ ಗಾರೆ ಮಾಡ್ಬೇಕು. ಆರೋವರೆಗೂ ಕಾಯ್ಬೇಕು."

ಪಕ್ಕದಲ್ಲಿದ್ದ ಗುತ್ತಿಗೆದಾರ ತಕ್ಷಣ, "ಚದರಡಿ ಲೆಕ್ಕದಲ್ಲಿ ಮಾತಾಡಿರೋದಪ್ಪ, ದಿನದ ಲೆಕ್ಕ ಇಲ್ಲ" ಅಂದ. ಚಿಕ್ಕಪ್ಪನೂ "ಶ್ರಾವಣಕ್ಕೆ ಮುಗೀಬೇಕು, ಹಾಗೇ ಅಡ್ಜಸ್ಟ್ ಮಾಡಿ ಹಾಕು" ಅಂದ್ರು. ಮೇಸ್ತ್ರಿ ಇನ್ನೇನು ಮಾಡ್ತಾರೆ? ಅಡ್ಜಸ್ಟ್ ಮಾಡಿದ್ರು. ಟೈಲ್ಸಿನ ನಾಲ್ಕು ಮೂಲೆಗೊಂದು, ನಡುವೆ ಒಂದು ಉಂಡೆ ಇಟ್ಟು, ಒತ್ತಿ, ದಾರಕ್ಕೆ ಸರಿಯಾಗಿ ನಿಲ್ಲಿಸಿದ್ರು. ಹೊರಗಿನಿಂದ ನೋಡೋಕೆ ಲಕ್ಷಣವಾಗೇ ಇತ್ತು. ಮೇಲೆ ಥಳುಕು ಒಳಗೆ ಹುಳುಕು ಅಂತಾರಲ್ಲ, ಹಾಗೆ.

ಎರಡು ವರ್ಷ ಆದ್ಮೇಲೆ ಒಂದು ರಾತ್ರಿ ಎರಡು ಟೈಲ್ಸ್ ಕಳಚಿ ಸ್ಟೋವ್ ಮೇಲೆ ಬಿತ್ತು. ರಾತ್ರಿ ಆಗಿದ್ದಕ್ಕೆ ಬಚಾವ್, ಯಾರೂ ಅಲ್ಲಿರಲಿಲ್ಲ. ಟೈಲ್ಸ್ ಜೊತೆ ಹಳೇ ಗಾರೆಯ ಹಲ್ಲೆಯೂ ಬಂದಿತ್ತು. ಉಂಡೆಗಳ ನಡುವಿನ ಟೊಳ್ಳಲ್ಲಿ ಜಿರಳೆ ಸಂಸಾರ ಹೂಡಿತ್ತು.

ಮನೆಯವರೆಲ್ಲ ಬೈದಿದ್ದು ಯಾರಿಗೆ? ಮೇಸ್ತ್ರಿಗೆ. "ಈಗಿನ ಕಾಲದ ಕೆಲಸದವರಿಗೆ ನಿಯತ್ತೇ ಇಲ್ಲ" ಅಂತ. ನಿಯತ್ತಾಗಿ ಬಾಯಿಬಿಟ್ಟು ಹೇಳಿದ್ದ ಒಬ್ಬನೇ ಒಬ್ಬ ಮನುಷ್ಯ ಅವರೇ ಅಲ್ವೇ?

ಇದು ಒಬ್ಬ ಗುತ್ತಿಗೆದಾರನ ಕೆಟ್ಟತನ ಅಂತ ನನಗನ್ನಿಸಲ್ಲ. ಲೆಕ್ಕ ಹಾಕೋ ಕ್ರಮವೇ ಹಾಗಿದೆ. ಟೈಲ್ಸ್ ಕೆಲಸಕ್ಕೆ ಕೂಲಿ ಚದರಡಿಗೆ ಇಷ್ಟು ಅಂತ. ಗೋಡೆ ಸರಿಪಡಿಸೋಕೆ ಮೇಸ್ತ್ರಿ ಎರಡು ದಿನ ಬೆವರು ಸುರಿಸಿದ್ರೂ ಚದರಡಿ ಒಂದಿಂಚೂ ಹೆಚ್ಚಾಗಲ್ಲ. ಅಂದ್ರೆ ಒಳ್ಳೇ ಕೆಲಸ ಮಾಡಿದವನಿಗೆ ಎರಡು ದಿನದ ಕೂಲಿ ನಷ್ಟ, ಉಂಡೆ ಇಟ್ಟು ಒತ್ತಿ ಹೋದವನಿಗೆ ಲಾಭ. ಹೀಗೆ ವ್ಯವಸ್ಥೆ ಮಾಡಿಟ್ಟು ಆಮೇಲೆ ನಿಯತ್ತಿನ ಬಗ್ಗೆ ಭಾಷಣ ಮಾಡಿದ್ರೆ ಹೇಗೆ ಸ್ವಾಮಿ?

ಎಲ್ಲಾ ಗೋಡೆ ಒಂದೇ ಅಲ್ಲ

ಗೋಡೆ ಯಾಕೆ ಡೊಂಕಾಗುತ್ತೆ ಅನ್ನೋದಕ್ಕೂ ಕಾರಣ ಇದೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಕಟ್ಟುವಾಗ ದಾರ ಕಟ್ಟೋದು ಒಂದು ಮಗ್ಗುಲಿಗೆ. ಇಟ್ಟಿಗೆಗಳೆಲ್ಲ ಒಂದೇ ಅಳತೆ ಇರಲ್ಲ, ಹಾಗಾಗಿ ಆ ಮಗ್ಗುಲು ಸಪಾಟು, ಇನ್ನೊಂದು ಒರಟು. ಅದಕ್ಕೇ ಸಪಾಟು ಮಗ್ಗುಲಿಗೆ 12 ಮಿ.ಮೀ., ಒರಟು ಮಗ್ಗುಲಿಗೆ 15 ಮಿ.ಮೀ. ಗಾರೆ ಅನ್ನೋ ರೂಢಿ. ನಿಮ್ಮ ಅಡುಗೆಮನೆಗೆ ಒರಟು ಮಗ್ಗುಲು ಬಂದಿದ್ರೆ ಅದು ನಿಮ್ಮ ಅದೃಷ್ಟ. :-)

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಸೈಜುಗಲ್ಲಿನ ಗೋಡೆ ಬಹಳ. ಆ ಕಲ್ಲು ನೀರು ಹೀರಲ್ಲ, ಅದಕ್ಕೆ ಗಾರೆ ಹಿಡಿಯೋದೇ ಕಷ್ಟ, ಮೊದಲು ಸಿಮೆಂಟ್ ಹಾಲು ಎರಚಿ ಒರಟು ಮಾಡಬೇಕು. ಕರಾವಳಿಯ ಕೆಂಪುಕಲ್ಲಿನದು ಇದಕ್ಕೆ ಉಲ್ಟಾ. ಅದು ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತೆ, ಗೋಡೆಯನ್ನ ಚೆನ್ನಾಗಿ ನೆನೆಸದೆ ಗಾರೆ ಹಾಕಿದ್ರೆ ಪುಡಿಪುಡಿ. ಈಗಿನ ಕಾಂಕ್ರೀಟ್ ಬ್ಲಾಕಿನ ಮನೆಗಳಲ್ಲಿ ಪಿಲ್ಲರೂ ಬ್ಲಾಕೂ ಸೇರೋ ಕಡೆ ಬಿರುಕು ಬರುತ್ತೆ. ಅಲ್ಲಿ ಕೋಳಿ ಜಾಲರಿ ಬಡಿದು ಗಾರೆ ಮಾಡಬೇಕು, ಇಲ್ಲದಿದ್ರೆ ಆ ಬಿರುಕು ಟೈಲ್ಸನ್ನೂ ಸೀಳುತ್ತೆ. ಇನ್ನು ಮಲೆನಾಡಿನ ಹಳೇ ಮಣ್ಣಿನ ಗೋಡೆ. ಮಣ್ಣಿನ ಮೇಲೆ ಸಿಮೆಂಟ್ ಗಾರೆ ಚಿಪ್ಪಿನ ಹಾಗೆ ನಿಲ್ಲುತ್ತೇ ಹೊರತು ಒಂದಾಗಲ್ಲ. ಅಂಥ ಗೋಡೆಗೆ ಟೈಲ್ಸ್ ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಕಟ್ಟೆ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಕಡಪವೋ ಗ್ರಾನೈಟೋ ನಿಲ್ಲಿಸಿ, ಉಳಿದದ್ದಕ್ಕೆ ಸುಣ್ಣ ಬಳೀರಿ. ಗೋಡೆ ಉಸಿರಾಡ್ಕೊಂಡಿರುತ್ತೆ.

ಏನು ಮಾಡಬೇಕು ಅಂದ್ರೆ

ಮೊದಲು ನೋಡಿ. ಆರಡಿ ಅಲ್ಯೂಮಿನಿಯಂ ಪಟ್ಟಿಯನ್ನ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹಿಡಿದು ಸಂದು ಎಲ್ಲಿ ಎಷ್ಟಿದೆ ಅಂತ ಸೀಮೆಸುಣ್ಣದಲ್ಲಿ ಗೋಡೆ ಮೇಲೇ ಬರೀರಿ. ತೂಗುಗುಂಡು ಇಳಿಬಿಟ್ಟು ಗೋಡೆ ಮುಂದಕ್ಕೆ ವಾಲಿದೆಯಾ ನೋಡಿ. ಮೂಲೆಗೆ ಮೂಲೆಮಟ್ಟ ಹಿಡೀರಿ, ಯಾಕಂದ್ರೆ ಗ್ರಾನೈಟ್ ಕಟ್ಟೆ ನೆಟ್ಟಗಿದ್ದು ಗೋಡೆ ಡೊಂಕಿದ್ರೆ ಕಟ್ಟೆ ಅಂಚಿನಲ್ಲಿ ಒಂದು ಕಡೆ ಕಾಲಿಂಚು, ಇನ್ನೊಂದು ಕಡೆ ಒಂದಿಂಚು ಸಂದು ಬರುತ್ತೆ. ಸಿಂಕಿನ ನೀರು ಇಳಿಯೋದೇ ಅಲ್ಲಿ. ಕೊನೆಗೆ ಸುತ್ತಿಗೆ ಹಿಡಿಯಿಂದ ಅಂಗೈಯಗಲಕ್ಕೊಂದು ಸಲ ತಟ್ಟಿ. "ಠಣ್" ಅಂದ್ರೆ ಗಟ್ಟಿ, "ಡಬ್" ಅಂದ್ರೆ ಟೊಳ್ಳು. ಹಲಸಿನ ಹಣ್ಣು ತಟ್ಟಿ ನೋಡೋರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ.

ಟೊಳ್ಳಾದ ಗಾರೆಯನ್ನ ಇಟ್ಟಿಗೆ ಕಾಣೋವರೆಗೂ ಕೆತ್ತಿ. ಬಣ್ಣ, ಡಿಸ್ಟೆಂಪರ್, ಪುಟ್ಟಿ ಎಲ್ಲ ಹೋಗಬೇಕು. ಪುಟ್ಟಿ ಮೇಲೆ ಅಂಟಿಸಿದ ಟೈಲ್ಸ್ ಗೋಡೆಗಲ್ಲ, ಪುಟ್ಟಿಗೆ ಅಂಟಿರುತ್ತೆ! ಫ್ಲ್ಯಾಟುಗಳಲ್ಲಿ ಜಿಪ್ಸಂ ಗಾರೆ ಇದ್ರೆ ಇನ್ನೂ ಹುಷಾರಾಗಿರಿ. ಜಿಪ್ಸಂ ಮೇಲೆ ಸಿಮೆಂಟ್ ಬಿದ್ದು ತೇವ ಸೇರಿದ್ರೆ ನಡುವೆ ಉಬ್ಬೋ ಹರಳು ಬೆಳೆದು ಅಂಟು ಬಿಟ್ಟುಕೊಳ್ಳುತ್ತೆ. ಒಲೆ ಹಿಂದೆ ವರ್ಷಗಟ್ಟಲೆ ಒಗ್ಗರಣೆ ಎಣ್ಣೆ ಕುಡಿದ ಗಾರೆಯನ್ನ ತೊಳೆದು ಉಳಿಸಿಕೊಳ್ಳೋ ಆಸೆ ಬೇಡ, ಕೆತ್ತೋದೇ ಮೇಲು.

ಕೆತ್ತೋಕೆ ಮುಂಚೆ ಆ ಗೋಡೆಯ ಕರೆಂಟ್ ಮೇನಲ್ಲೇ ಆಫ್ ಮಾಡಿ. ಪೈಪು, ವೈರು ಎಲ್ಲಿ ಕಂಡ್ರೂ ಮೊಬೈಲಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಮೊಳೆ ಹೊಡೆಯುವಾಗ ನೆನಪಿಗೆ ಬರುತ್ತೆ. ಗೋಡೆಗೆ ನೀರು ಚಿಮುಕಿಸಿಕೊಂಡು ಕೆತ್ತಲಿ, ಕೆತ್ತೋರಿಗೆ ಒಳ್ಳೇ ಮಾಸ್ಕ್ ಕೊಡಿಸಿ. ಆ ಧೂಳಲ್ಲಿ ಮರಳಿನ ಸಿಲಿಕಾ ಇರುತ್ತೆ. ಒಂದು ದಿನದಲ್ಲಿ ಏನೂ ಆಗಲ್ಲ ಅನ್ನಿಸಬಹುದು, ಆದರೆ ಅವರಿಗದು ದಿನಾ. ವರ್ಷಾನುಗಟ್ಟಲೆ ಉಸಿರಲ್ಲಿ ಹೋದ್ರೆ ಶ್ವಾಸಕೋಶವನ್ನೇ ಗಟ್ಟಿ ಮಾಡೋ ಸಿಲಿಕೋಸಿಸ್‌ಗೆ ಅದೇ ಕಾರಣ.

ಆಮೇಲೆ ಗಾರೆ. ಉಬ್ಬಿದ ಕಡೆ ತೆಗೀಬೇಕು, ತಗ್ಗಿರೋ ಕಡೆ ತುಂಬಬೇಕು. 15 ಮಿ.ಮೀ.ಗಿಂತ ದಪ್ಪ ಬೇಕಾದ್ರೆ ಒಂದೇ ಸಲ ಮೆತ್ತಬಾರದು, ಜಾರುತ್ತೆ, ಬಿರಿಯುತ್ತೆ. ಮೊದಲ ಪದರ ಹಾಕಿ ಗೀರು ಎಳೆದು ಬಿಟ್ಟು, ಅದು ಗಟ್ಟಿಯಾದ ಮೇಲೆ ಎರಡನೇದು. ಗೋಡೆ ಉದ್ದಕ್ಕೂ ಅಲ್ಲಲ್ಲಿ ತೂಗುಗುಂಡಿಗೆ ಸರಿಯಾಗಿ ಗಾರೆಯ ಗುರುತು ಇಟ್ಟುಕೊಂಡು, ಅದರ ಮೇಲೆ ಪಟ್ಟಿ ಎಳೆದ್ರೆ ಗೋಡೆ ತಾನೇ ಸಪಾಟಾಗುತ್ತೆ. ಮೇಲ್ಮೈ ನುಣುಪು ಮಾಡೋದು ಬೇಡ, ಒರಟಾಗೇ ಇರಲಿ. ಏಳು ದಿನವಾದ್ರೂ ನೀರು ಹಾಕಿ, ಆಮೇಲೆ ಆರೋಕೆ ಬಿಡಿ. ಒಟ್ಟು 28 ದಿನ ಬಿಟ್ರೆ ಉತ್ತಮ, ಗಾರೆ ಕುಗ್ಗೋದೆಲ್ಲ ಬಹುಮಟ್ಟಿಗೆ ಅಷ್ಟರಲ್ಲಿ ಮುಗಿಯುತ್ತೆ. ಸ್ವಿಚ್ ಬಾಕ್ಸುಗಳನ್ನ ಟೈಲ್ಸಿನ ದಪ್ಪ ಲೆಕ್ಕ ಹಾಕಿ ಈಗಲೇ ಮುಂದಕ್ಕೆ ತಂದು ಕೂರಿಸಿ.

"ಖರ್ಚು ಜಾಸ್ತಿ ಆಗಲ್ವಾ?"

ಇದೇ ಪ್ರಶ್ನೆ ಬರುತ್ತೆ ಅಂತ ಗೊತ್ತು. ಕಟ್ಟೆ ಮೇಲಿನ ಗೋಡೆ ಹತ್ತಡಿ ಉದ್ದ, ಎರಡಡಿ ಎತ್ತರ ಅಂದ್ರೆ 20 ಚದರಡಿ. ಸರಾಸರಿ 10 ಮಿ.ಮೀ. ತುಂಬಬೇಕು ಅಂದ್ಕೊಳ್ಳಿ. ಒಂದಕ್ಕೆ ನಾಲ್ಕರ ಗಾರೆಗೆ ಬೇಕಾಗೋ ಸಿಮೆಂಟು ಹತ್ತು ಕಿಲೋ ಕೂಡ ಆಗಲ್ಲ, ಮೂಟೆಯ ಐದನೇ ಒಂದು ಭಾಗ. ಅಂದ್ರೆ ಸಾಮಾನಿನ ಖರ್ಚು ಖರ್ಚೇ ಅಲ್ಲ. ಖರ್ಚಾಗೋದು ಮೇಸ್ತ್ರಿಯ ಒಂದೆರಡು ದಿನ, ನಮ್ಮ ಮೂರು ನಾಲ್ಕು ವಾರದ ತಾಳ್ಮೆ. ದುಬಾರಿ ಟೈಲ್ಸ್ ಆರಿಸೋಕೆ ಮೂರು ಭಾನುವಾರ ಕೊಟ್ಟವರಿಗೆ ಅದು ಹೆಚ್ಚೇ? ಬೇಕಿದ್ರೆ ಟೈಲ್ಸಿನ ದರ್ಜೆ ಒಂದು ಮೆಟ್ಟಿಲು ಇಳಿಸಿ, ಆ ಉಳಿತಾಯವನ್ನ ಗೋಡೆಗೆ ಹಾಕಿ. ಸಾಧಾರಣ ಟೈಲ್ಸ್ ಒಳ್ಳೇ ಗೋಡೆ ಮೇಲೆ ಲಕ್ಷಣವಾಗಿ ಕಾಣುತ್ತೆ. ದುಬಾರಿ ಟೈಲ್ಸ್ ಕೆಟ್ಟ ಗೋಡೆ ಮೇಲೆ ದುಡ್ಡು ದಂಡ ಆಗಿದ್ದನ್ನ ತೋರಿಸುತ್ತೆ ಅಷ್ಟೇ.

"ಹಳೇ ಟೈಲ್ಸ್ ಮೇಲೇ ಹೊಸದು ಅಂಟಿಸ್ತಾರಂತಲ್ಲ?" ಅಂತ ಕೇಳೋರಿದ್ದಾರೆ. ಅಂಟಿಸಬಹುದು, ಅದಕ್ಕೆ ತಕ್ಕ ಅಡ್ಹೆಸಿವ್ ಇದೆ. ಆದರೆ ಹಳೇದು ಒಂದೂ ಟೊಳ್ಳಿಲ್ಲದೆ ಗಟ್ಟಿಯಾಗಿರಬೇಕು, ಸಪಾಟಾಗಿರಬೇಕು. ಹಾಗಿಲ್ಲದಿದ್ರೆ ಮೇಲಿನದರ ಭಾರವೂ ಅದೇ ಸಡಿಲ ಗಾರೆ ಮೇಲೆ ಬೀಳುತ್ತೆ. ಗೋಡೆ ಪರೀಕ್ಷೆ ಅಲ್ಲೂ ತಪ್ಪಲ್ಲ.

ಕೊಟೇಶನ್ ಬರೆಸುವಾಗ ಟೈಲ್ಸಿನ ಚದರಡಿ ಲೆಕ್ಕದ ಮೇಲೆ ಇನ್ನೊಂದು ಸಾಲು ಸೇರಿಸಿ. "ಗೋಡೆ ಪರೀಕ್ಷೆ, ಕೆತ್ತನೆ, ಗಾರೆ: ದಿನಗೂಲಿ ಲೆಕ್ಕ, ಇಷ್ಟು ದಿನ." ಟೈಲ್ಸ್ ಶುರುವಾಗೋಕೆ ಮುಂಚೆ ಪಟ್ಟಿ ಹಿಡಿದು ನೋಡಿ, 3 ಮಿ.ಮೀ. ಒಳಗಿದ್ರೆ ಆ ಸಾಲಿನ ದುಡ್ಡು ಮೇಸ್ತ್ರಿ ಕೈಗೇ ಕೊಡಿ. ಕಾಣದೆ ಹೋಗೋ ಕೆಲಸಕ್ಕೆ ದುಡ್ಡು ಸಿಗುತ್ತೆ ಅಂತ ಗೊತ್ತಾದ್ರೆ "ಗೋಡೆ ಹೊಟ್ಟೆ ಬಿಟ್ಟಿದೆ" ಅಂತ ಹೇಳೋಕೆ ಅವರು ಹಿಂಜರಿಯಲ್ಲ. ನಾವೂ ಕೇಳಿಸಿಕೊಳ್ಳದ ಹಾಗೆ ನಟಿಸಬೇಕಾಗಿಲ್ಲ.

ನಿಮ್ಮ ಊರಲ್ಲಿ ಈ ಲೆಕ್ಕ ಹೇಗೆ ನಡೆಯುತ್ತೆ? ಗೋಡೆಗೆ ಅಂತ ಬೇರೆ ಕೂಲಿ ಕೊಡೋ ಪದ್ಧತಿ ಎಲ್ಲಾದ್ರೂ ಇದೆಯಾ? ಇದ್ರೆ ತಿಳಿಸಿ, ಚಿಕ್ಕಪ್ಪನಿಗೆ ಓದಿ ಹೇಳ್ತೀನಿ.